ನಡುಸಾಲಿನ ಕಂಬ

ಚಿಕ್ಕಬಂಡಹಳ್ಳಿ, ಕ್ಯಾಸಂಬಳ್ಳಿ ಅಂಚೆ
8 ಸೆಪ್ಟೆಂಬರ್ 2024

ಮಂಗಮ್ಮಕ್ಕನವರಿಗೆ ಇಂದ್ರಾಣಿ ಮಾಡುವ ನಮಸ್ಕಾರಗಳು.

ನಾನು ಯಾರು ಅಂತ ನಿಮಗೆ ಗೊತ್ತಿರಲಾರದು. ನಿಮ್ಮ ತಮ್ಮ ಮುನೀಂದ್ರ ಅವರ ಹೆಂಡತಿ. ಮದುವೆಯಾಗಿ ಆರು ವರ್ಷವಾದರೂ ನಿಮ್ಮನ್ನು ಒಂದು ಸಲವೂ ನೋಡಿಲ್ಲ. ಈ ಮನೆಯಲ್ಲಿ ನಿಮ್ಮ ಹೆಸರು ಯಾರೂ ಎತ್ತುವುದಿಲ್ಲ. ಕ್ಯಾಸಂಬಳ್ಳಿಯಲ್ಲಿ ಬಟ್ಟೆ ಹೊಲಿಯುವ ಕಲ್ಪನಕ್ಕ ನಿಮ್ಮ ಜೊತೆ ಓದಿದವರಂತೆ. ನೀವು ಹಟ್ಟಿಯಲ್ಲಿದ್ದೀರಿ, ನಿಮ್ಮ ಯಜಮಾನರು ಅಲ್ಲಿನ ಚಿನ್ನದ ಗಣಿಯಲ್ಲಿದ್ದಾರೆ ಅಂತ ಅವರಿಂದ ತಿಳಿಯಿತು. ಫೋನ್ ನಂಬರ್ ಕೇಳಿದೆ, ಕೊಡಲಿಲ್ಲ. ವಿಳಾಸ ಬೇಕಾದರೆ ತಗೋ, ಕಾಗದವಾದರೆ ಅವಳಿಗೆ ಬೇಡ ಅನಿಸಿದಾಗ ಹರಿದು ಹಾಕಬಹುದು ಅಂದರು.

ಮಾವನವರ ವಿಷಯಕ್ಕೆ ಬರೆಯುತ್ತಿದ್ದೇನೆ. ಆಷಾಢದಿಂದ ಅವರು ಮನೆಯೊಳಗೆ ಮಲಗುತ್ತಿಲ್ಲ. ಮಂಚ ಹೊತ್ತುಕೊಂಡು ಹೋಗಿ ಹಳೇ ಕೊಟ್ಟಿಗೆಯಲ್ಲಿ ಹಾಕಿಕೊಂಡಿದ್ದಾರೆ. ಊಟವೂ ಅಲ್ಲೇ. ಹಸು ಮೇಯಿಸಲು ಹೋದಾಗ ಮಾತ್ರ ಹೊರಗೆ, ಆಗಲೂ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡು ಹೋಗುತ್ತಾರೆ.

ಆ ಕೊಟ್ಟಿಗೆ ನಿಮಗೆ ಗೊತ್ತೇ ಇದೆ. ಮುತ್ತಾತನ ಕಾಲದ್ದು. ಕಲ್ಲುಕಂಬದ ಮೇಲೆ ಮರದ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ಈಗ ಸೋರುತ್ತಿದೆ. ನಡುವಿನ ತೊಲೆ ಗಬ್ಬದ ಹಸುವಿನ ಹೊಟ್ಟೆಯ ಹಾಗೆ ಕೆಳಗೆ ಜಗ್ಗಿದೆ. ಮಳೆ ಬಂದ ಮಾರನೇ ಬೆಳಿಗ್ಗೆ ಅವರ ಕಂಬಳಿಯ ತುಂಬ ಮಣ್ಣು ಉದುರಿರುತ್ತೆ. ಕೊಡವಿ ಮಡಿಸಿ ಇಡುತ್ತಾರೆ, ಏನೂ ಆಗಿಲ್ಲವೆಂಬ ಹಾಗೆ.

ಅಪ್ಪ ಮಗ ಮಾತು ಬಿಟ್ಟಿದ್ದಾರೆ. ನಾನು ಹೇಳಿದರೆ, ನೀನು ಒಳಗೆ ಓಗಮ್ಮ ಅಂತಾರೆ. ಆ ಮನುಷ್ಯ ಜೀವಮಾನದಲ್ಲಿ ಕೇಳಿದ್ದರೆ ಮಂಗಮ್ಮನ ಮಾತು ಒಂದೇ ಅಂತ ಕಲ್ಪನಕ್ಕ ಹೇಳಿದರು. ನೀವು ಅವರಿಗೆ ಎರಡು ಸಾಲು ಬರೆದರೆ ಸಾಕು, ಒಳಗೆ ಬಂದು ಮಲಗುತ್ತಾರೇನೋ. ವಯಸ್ಸಾದವರ ಹಟ, ಬೇರೇನಿಲ್ಲ.

ನಾನು ಬರೆದದ್ದು ನಮ್ಮನೆಯವರಿಗೆ ಗೊತ್ತಿಲ್ಲ. ಅವರು ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ವೈಟ್‌ಫೀಲ್ಡ್ ಕಡೆ ಕಾರ್ಖಾನೆಗೆ ಹೋಗುತ್ತಾರೆ, ಹಾಗಾಗಿ ಟಪಾಲು ನನ್ನ ಕೈಗೇ ಬರುತ್ತೆ. ಕೆಳಗೆ ನನ್ನ ನಂಬರ್ ಬರೆದಿದ್ದೇನೆ. ಭಾನುವಾರ ಮಾತ್ರ ಮಾಡಬೇಡಿ, ಅವರು ಎತ್ತುತ್ತಾರೆ.

ಇಂದ್ರಾಣಿ


ಹಟ್ಟಿ
17 ಸೆಪ್ಟೆಂಬರ್ 2024

ಇಂದ್ರಾಣಿಯವರಿಗೆ,

ನಿಮ್ಮ ಪತ್ರ ತಲುಪಿತು. ಹರಿದು ಹಾಕಲಾಗಲಿಲ್ಲ, ಅದಕ್ಕೆ ಉತ್ತರ ಬರೆಯಬೇಕಾಗಿದೆ.

ಇದು ಮುನೀಂದ್ರ ಬರೆಸಿದ ಕಾಗದವಾದರೆ ಸುತ್ತು ಬಳಸುವುದು ಬೇಡ. ಕೊಟ್ಟಿಗೆ ಕೆಡವಬೇಕು, ಅದಕ್ಕೆ ಮಂಗಮ್ಮ ಹಕ್ಕು ಬಿಟ್ಟುಕೊಟ್ಟೆ ಅಂತ ರುಜು ಹಾಕಬೇಕು, ಅಷ್ಟೇ ತಾನೆ. ನೇರವಾಗಿ ಕೇಳಿ, ನೇರವಾಗಿ ಇಲ್ಲ ಅನ್ನುತ್ತೇನೆ.

ಹದಿನೇಳು ವರ್ಷದ ಹಿಂದೆ, ಮದುವೆಯಾದ ವಾರ, ನಾನೂ ಕಾಂತರಾಜ್ ಅವರೂ ಆ ಮನೆ ಬಾಗಿಲಿಗೆ ಬಂದಿದ್ದೆವು. ನಿಮ್ಮ ಮಾವ ಹೊಸ್ತಿಲ ಮೇಲೆ ನಿಂತು, ನಿಮ್ಮ ತಂದೆ ಯಾರು, ಯಾವ ಜನ, ಕೆ.ಜಿ.ಎಫ್. ಕಡೆ ಮಾರಿಕುಪ್ಪಂನ ಮೈಸೂರು ಮೈನ್ಸ್‌ನಲ್ಲಿ ಯಾವ ಲೈನಿನ ಮನೆ ಅಂತೆಲ್ಲ ಅವರನ್ನು ವಿಚಾರಿಸಿದರು. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಎಲ್ಲ ಕೇಳಿಕೊಂಡ ಮೇಲೆ ನಿಮ್ಮ ಮಾವ ಬಾಗಿಲು ಹಾಕಿಕೊಂಡರು. ಒಂದು ಬೈಗುಳವೂ ಇಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಮೇಲೆ ನನ್ನ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡರು ಅಂತ ಕೇಳಿದೆ. ಸತ್ತವಳು ಕಾಗದ ಬರೆದರೆ ನಿಮ್ಮ ಮಾವ ಬೆಚ್ಚಿ ಬೀಳುವುದಿಲ್ಲವೇ?

ನಾನು ಬರೆಯುವುದಿಲ್ಲ. ಫೋನೂ ಮಾಡುವುದಿಲ್ಲ. ನೀವು ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ, ನಿಮ್ಮದೇನೂ ತಪ್ಪಿಲ್ಲ.

ಮಂಗಮ್ಮ

ಈ ವರ್ಷ ಮಾಳಿಗೆಗೆ ಚೌಳುಮಣ್ಣು ಹಾಕಿದರೋ ಇಲ್ಲವೋ? ತೊಲೆ ಜಗ್ಗಿದೆ ಅಂದಿರಿ. ಎಲ್ಲಿ? ಗೋಡೆ ಕಡೆಯೋ, ನಡುವೆಯೋ?


ಚಿಕ್ಕಬಂಡಹಳ್ಳಿ
26 ಸೆಪ್ಟೆಂಬರ್ 2024

ಅಕ್ಕನವರಿಗೆ,

ನಿಮ್ಮ ಕಾಗದ ಓದಿದೆ. ನಾನು ಯಾವ ರುಜುವನ್ನೂ ಕೇಳಿಲ್ಲ. ಯಾರೂ ಹೇಳಿ ಬರೆಸಿಲ್ಲ. ಆ ಮಾಳಿಗೆಯ ಕೆಳಗೆ ಮಲಗಿರುವವರಿಗೆ ದಿನಾ ಅನ್ನ ತಗೊಂಡು ಹೋಗುವವಳು ನಾನು. ತಟ್ಟೆ ಕೊಟ್ಟು ತಿರುಗುವ ಮೊದಲು ಒಂದು ಸಲ ತೊಲೆ ನೋಡುತ್ತೇನೆ. ಅಷ್ಟಕ್ಕೆ ಬರೆದೆ.

ನೀವು ಕೊನೆಯಲ್ಲಿ ಕೇಳಿದಿರಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ. ನಮ್ಮತ್ತೆ, ನಿಮ್ಮ ತಾಯಿ ಕನಕಮ್ಮನವರು ತೀರಿಕೊಂಡ ಮೇಲೆ (ಆ ಸುದ್ದಿ ಕಲ್ಪನಕ್ಕ ಆಗಲೇ ನಿಮಗೆ ತಿಳಿಸಿದ್ದರಂತೆ) ಮಾಳಿಗೆಗೆ ಯಾರೂ ಮಣ್ಣು ಹಾಕಿಲ್ಲ. ಮೇಲೆ ಹುಲ್ಲು ಬೆಳೆದಿದೆ, ಒಂದು ಆಲದ ಸಸಿಯೂ ಇದೆ. ಮೊನ್ನೆ ಮಾವನವರನ್ನು ಕೇಳಿದೆ, ಚೌಳುಮಣ್ಣು ಅಂದರೆ ಯಾವುದು, ಎಲ್ಲಿ ಸಿಗುತ್ತೆ ಅಂತ. ಅವರ ಬಾಯಿಂದ ಅಷ್ಟು ಮಾತು ಬಂದದ್ದು ಅವತ್ತೇ. ಕೆರೆ ಹಿಂದಿನ ಬೆಳ್ಳಗಿನ ನೆಲ, ಅಲ್ಲಿ ಹುಲ್ಲು ಹುಟ್ಟಲ್ಲ, ಆ ಮಣ್ಣಿಗೆ ನೀರು ಇಳಿಯಲ್ಲ, ಮಳೆ ಬಿದ್ದಷ್ಟೂ ಅದು ಹೆಪ್ಪುಗಟ್ಟಿಕೊಂಡು ಕೂತುಕೊಳ್ಳುತ್ತೆ ಅಂದರು. ಕೆಳಗೆ ಹೊಂಗೆಸೊಪ್ಪು ಹಾಸಬೇಕು, ಗೆದ್ದಲು ಬರಲ್ಲ ಅಂದರು. ಮಣ್ಣು ಎತ್ತಿಕೊಡಾಕೆ ಒಬ್ಬಳಿದ್ಲು ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿ, ಹಸುವಿಗೆ ನೀರಿಡಬೇಕು ಅಂತ ಎದ್ದು ಹೋದರು.

ಜಗ್ಗಿರುವುದು ನಡುವೆ. ಕಲ್ಲಿನ ಗೋದಲಿ ಇದೆಯಲ್ಲ, ಹಸುಗಳಿಗೆ ಮೇವು ಹಾಕುವುದು, ಸರಿಯಾಗಿ ಅದರ ಎದುರಿಗೆ. ನಮ್ಮನೆಯವರು ಅಲ್ಲಿ ತೊಲೆಗೆ ಆಸರೆಯಾಗಿ ಎರಡು ನೀಲಗಿರಿ ಕಂಬ ಊರೆ ಕೊಟ್ಟಿದ್ದಾರೆ. ಮಹಾಲಯ ಅಮಾವಾಸ್ಯೆ ಕಳೆಯಲಿ, ಇಬ್ಬರು ಆಳು ಕರೆದು ಮೇಲೆ ಹೊಸ ಮಣ್ಣು ಹಾಕಿಸೋಣ ಅಂತಿದ್ದೇನೆ. ಸೋರುವುದು ನಿಂತರೆ ಹೆದರಿಕೆ ಕಮ್ಮಿ ಆಗುತ್ತಲ್ಲ.

ಇಂದ್ರಾಣಿ


ಹಟ್ಟಿ
7 ಅಕ್ಟೋಬರ್ 2024

ಇಂದ್ರಾಣಿ,

ನೀನು ಅಂತಲೇ ಬರೆಯುತ್ತೇನೆ. ನೀವು, ತಾವು ಅನ್ನಲು ಈಗ ಪುರಸೊತ್ತಿಲ್ಲ.

ಹೊಸ ಮಣ್ಣು ಹಾಕಿಸಬೇಡ. ಒಂದು ಪುಟ್ಟಿಯನ್ನೂ ಮೇಲೆ ಏರಿಸಬೇಡ.

ಗೋದಲಿ ಎದುರಿಗೆ ನಡುಸಾಲಿನಲ್ಲಿ ಕಲ್ಲುಕಂಬ ಇತ್ತು. ಒಂದಲ್ಲ, ಎರಡು. ಒಂದರ ಮೇಲೆ ಗಿಣಿ ಕೆತ್ತಿದೆ, ಅದರ ಮೂತಿ ಸವೆದಿದೆ, ಕರು ಕಟ್ಟುತ್ತಿದ್ದದ್ದು ಅದಕ್ಕೇ. ಕಂಬದ ಮೇಲೆ ಕೂತ ತೊಲೆ ಕಂಬದ ಹತ್ತಿರ ಜಗ್ಗುವುದಿಲ್ಲ. ಅಲ್ಲಿ ನೀಲಗಿರಿ ಊರೆ ಯಾಕೆ ಬೇಕಾಯಿತು? ಕಂಬ ಎಲ್ಲಿ ಹೋದವು? ನೀನು ಬರೆಯದೆ ಬಿಟ್ಟದ್ದು ಇದೇ ಇರಬೇಕು. ವಯಸ್ಸಾದವರ ಹಟ ಅಂದೆ. ಮೊದಲ ಕಾಗದದಲ್ಲೇ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅಪ್ಪ ಹಟಕ್ಕೆ ಊಟ ಬಿಡುವವರು, ಹಟಕ್ಕೆ ಮಂಚ ಹೊರುವವರಲ್ಲ.

ನಿನ್ನೆ ತಡೆಯಲಾರದೆ ಫೋನ್ ಮಾಡಿದೆ. ಮುನೀಂದ್ರನ ದನಿ ಕೇಳಿದ ಮೇಲೆ ಭಾನುವಾರ ಅಂತ ನೆನಪಾಯಿತು. ಇಟ್ಟುಬಿಟ್ಟೆ. ಇವತ್ತು ಮಾಡಿದರೆ ಸ್ವಿಚ್ ಆಫ್. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ನಿಜ ಏನು ಅಂತ ಬರಿ. ನಿನ್ನ ಗಂಡನ ಮಾನ ಆಮೇಲೆ ನೋಡಿಕೊಳ್ಳೋಣ.

ಮಂಗಮ್ಮ


ಚಿಕ್ಕಬಂಡಹಳ್ಳಿ
9 ಅಕ್ಟೋಬರ್ 2024

ಅಕ್ಕ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯಲಾರದೆ ಬರೆಯುತ್ತಿದ್ದೇನೆ.

ಭಾನುವಾರ ಯಾರೋ ಫೋನ್ ಮಾಡಿ ಮಾತಾಡದೆ ಇಟ್ಟರಂತೆ. ರಾಯಚೂರು ಕಡೆ ಲ್ಯಾಂಡ್‌ಲೈನ್ ನಂಬರ್, ಅಲ್ಲಿ ನಿನಗ್ಯಾರು ಅಂತ ನಮ್ಮನೆಯವರು ಕೇಳಿದರು. ಗೊತ್ತಿಲ್ಲ ಅಂದೆ. ಅವರು ನಂಬಲಿಲ್ಲ. ಅವತ್ತಿನಿಂದ ನನ್ನ ಫೋನನ್ನು ಅವರೇ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ. ಅದು ನೀವೇ ಆಗಿದ್ದರೆ ಮತ್ತೆ ಮಾಡಬೇಡಿ.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಆಷಾಢದಲ್ಲಿ ಬೆಂಗಳೂರಿನಿಂದ ಚಲಪತಿ ಅನ್ನುವ ವ್ಯಾಪಾರಿ ಬಂದ. ಹಳೇ ಮನೆಗಳ ಕಂಬ, ಬಾಗಿಲು, ತೊಟ್ಟಿ ಕೊಂಡು ರೆಸಾರ್ಟುಗಳಿಗೆ ಮಾರುವವನು. ನಮ್ಮ ಕೊಟ್ಟಿಗೆಯ ಕಂಬಗಳನ್ನು ಕೈಯಿಂದ ಸವರಿ ಸವರಿ ನೋಡಿದ. ಮಾವ ಸಂತೆಗೆ ಹೋಗಿದ್ದ ದಿನ ಬಂದು ನಡುಸಾಲಿನ ಎರಡನ್ನು ಜಾಕ್ ಕೊಟ್ಟು ಬಿಡಿಸಿಕೊಂಡು ಹೋದ. ನಮ್ಮನೆಯವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಈ ಕತ್ತಲೆ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ನನ್ನ ಸೊಂಟ ಹೋಗುತ್ತಿದೆ, ಇದನ್ನು ತೆಗೆದು ಶೀಟಿನ ಶೆಡ್ಡು ಹಾಕಿ ಹಾಲು ಕರೆಯುವ ಮಿಷನ್ ಇಡೋಣ ಅನ್ನುವುದು ಅವರ ಯೋಚನೆ. ಸಂಜೆ ಮಾವ ಬಂದು ನೋಡಿದರು. ಕಂಬ ಇದ್ದ ಜಾಗದಲ್ಲಿ ನಿಂತು ಕಾಲಲ್ಲಿ ನೆಲ ಸವರಿದರು. ಅವತ್ತೇ ಮಂಚ ಅಲ್ಲಿಗೆ ಹೋಯಿತು. ಉಳಿದ ಕಂಬಗಳಿಗೆ ಅವರು ಕಾವಲು ಕೂತಿದ್ದಾರೆ ಅಕ್ಕ.

ಈ ಇಪ್ಪತ್ತಕ್ಕೆ ಚಲಪತಿ ಕ್ರೇನ್ ಲಾರಿ ತರುತ್ತಾನಂತೆ. ಅಪ್ಪ ಒಳಗೇ ಕೂತಿದ್ದರೆ ಎತ್ತಿ ಹೊರಗೆ ಕೂರಿಸುತ್ತೇನೆ ಅಂತ ನಮ್ಮನೆಯವರು ಅಂದರು. ಭಾರ ಕಮ್ಮಿ ಮಾಡಲು ಬರುವ ಭಾನುವಾರ ಮೇಲೆ ಹತ್ತಿ ಪೂರ್ವದ ಕಡೆ ಮಣ್ಣು ಇಳಿಸುತ್ತಾರಂತೆ. ಅದು ಒಳ್ಳೆಯದೇ ಅಂತ ನನಗೆ ಅನಿಸುತ್ತೆ. ನೀವೇನಂತೀರಿ?

ಇಂದ್ರಾಣಿ


ಹಟ್ಟಿ
15 ಅಕ್ಟೋಬರ್ 2024

ಇಂದ್ರಾಣಿ,

ಒಂದು ಕಡೆ ಮಾತ್ರ ಇಳಿಸಬಾರದು. ಭಾನುವಾರ ಕಳೆದುಹೋಗಿದೆ ಅಂತ ಗೊತ್ತು, ಆದರೂ ಬರೆಯುತ್ತಿದ್ದೇನೆ.

ನಿನ್ನ ಕಾಗದ ಕಾಂತರಾಜ್ ಅವರಿಗೆ ಓದಿ ಹೇಳಿದೆ. ಹದಿನೇಳು ವರ್ಷದಲ್ಲಿ ಆ ಮನೆಯ ವಿಷಯ ಅವರ ಎದುರಿಗೆ ಆಡಿದ್ದು ಇದೇ ಮೊದಲು. ಗಣಿಯೊಳಗೆ ಮಾಡು ಕುಸಿಯದ ಹಾಗೆ ಮರದ ಊರೆ ಕೊಡುವ ಗುಂಪಿನಲ್ಲಿ ಅವರು ಕೆಲಸ ಮಾಡುವುದು. ಜಂತೆಗಳು ನಡುವಿನ ತೊಲೆಯ ಎರಡೂ ಕಡೆಗೆ ಚಾಚಿವೆ, ಒಂದು ಕಡೆ ಭಾರ ಇಳಿಸಿ ಇನ್ನೊಂದು ಕಡೆ ನೆಂದ ಮಣ್ಣು ಬಿಟ್ಟರೆ ತೊಲೆ ಹೊರಳುತ್ತೆ, ಬರೀ ಊರೆಗೆ ನಿಲ್ಲಲ್ಲ ಅಂದರು. ಎರಡು ಕಡೆಯಿಂದಲೂ ಸಮಸಮವಾಗಿ ಇಳಿಸಬೇಕಂತೆ. ಅದಕ್ಕೂ ಮೊದಲು ಜೋಡಿ ಜೋಡಿಯಾಗಿ ಊರೆ ಕೊಟ್ಟು ಬೆಣೆ ಹೊಡೆಯಬೇಕಂತೆ.

ಕಲ್ಪನಾಗೆ ಫೋನ್ ಮಾಡಿದೆ, ದಸರಾಗೆ ಮಗಳ ಊರಿಗೆ ಹೋದವಳು ಇನ್ನೂ ಬಂದಿಲ್ಲವಂತೆ. ಟಿವಿಯಲ್ಲಿ ಕೋಲಾರದ ಕಡೆಯೆಲ್ಲ ಮಳೆ ಅಂತ ತೋರಿಸುತ್ತಿದ್ದಾರೆ. ನಾನೇ ಹೊರಟುಬಿಡಲೇ ಅಂತ ಕೇಳಿದೆ. ಕಾಂತರಾಜ್ ಅವರು, ನಿನ್ನನ್ನು ನೋಡಿದರೆ ಅವರು ಬಾಗಿಲು ಹಾಕಿಕೊಳ್ಳುವುದು ಆ ಕೊಟ್ಟಿಗೆಯದನ್ನೇ ಅಂದರು. ನಿಜ. ಕೈ ಕಟ್ಟಿಕೊಂಡು ಕೂತಿದ್ದೇನೆ.

ಅಪ್ಪನನ್ನು ಹೊರಗೆ ಕರೆ. ಹೊಲಕ್ಕೆ ದನ ನುಗ್ಗಿದೆ ಅನ್ನು, ಸುಳ್ಳು ಹೇಳು, ಏನಾದರೂ ಮಾಡು.

ಮಂಗಮ್ಮ


ಹಟ್ಟಿ
18 ಅಕ್ಟೋಬರ್ 2024, ಬೆಳಿಗ್ಗೆ

ಇಂದ್ರಾಣಿ,

ಒಂದು ಮಾತು ಕೇಳುತ್ತೇನೆ. ಕಾಂತರಾಜ್ ಅಲ್ಲಿಗೇನಾದರೂ ಬಂದಿದ್ದಾರೆಯೇ?

ಮಂಗಳವಾರ ಯೂನಿಯನ್ ಕೆಲಸ ಅಂತ ರಾಯಚೂರಿಗೆ ಹೋದವರು. ನಿನ್ನೆ ಫೋನ್ ಮಾಡಿ ಲಾಡ್ಜಿನಲ್ಲಿದ್ದೇನೆ, ಊಟ ಆಯಿತು ಅಂದರು. ಮಾತಾಡುವಾಗ ಹಿಂದೆ ಹಸು ಕೂಗಿತು. ರಾಯಚೂರಿನ ಲಾಡ್ಜಿನಲ್ಲಿ ಹಸು ಎಲ್ಲಿಂದ ಬಂತು ಅಂದರೆ, ರಸ್ತೆಯಲ್ಲಿ ಹೋಗುತ್ತಿದೆ ಅಂದರು. ಆ ಕೂಗು ರಸ್ತೆಯಲ್ಲಿ ಹೋಗುವ ಹಸುವಿನದ್ದಲ್ಲ, ಕಟ್ಟಿದ ಹಸು ಮೇವಿಗೆ ಕೂಗುವುದು. ಕೊಟ್ಟಿಗೆಯಲ್ಲಿ ಬೆಳೆದವಳಿಗೆ ಅಷ್ಟು ಗೊತ್ತಾಗಲ್ಲವೇ?

ಬಂದಿದ್ದರೆ ಆ ಮಾಳಿಗೆ ಕೆಳಗೆ ಹೋಗಬೇಡಿ ಅಂತ ನನ್ನ ಆಣೆ ಇಟ್ಟು ಹೇಳು. ಅಪ್ಪ ಏನಾದರೂ ಅಂದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅನ್ನು.

ಮಂಗಮ್ಮ


ಚಿಕ್ಕಬಂಡಹಳ್ಳಿ
24 ಅಕ್ಟೋಬರ್ 2024

ಅಕ್ಕ,

ಪೆಟ್ಟಾದ ಸುದ್ದಿ ಭಾವನವರೇ ಫೋನ್ ಮಾಡಿ ತಿಳಿಸಿದರಂತೆ, ನೀವು ಕೆ.ಜಿ.ಎಫ್. ಆಸ್ಪತ್ರೆಗೆ ಬಂದು ಅವರನ್ನು ಕರೆದುಕೊಂಡು ಹೋದಿರಿ. ಊರಿಗೆ ಬರಲಿಲ್ಲ. ಬರಬೇಕಿತ್ತು ಅಂತ ನಾನು ಹೇಳುವುದಿಲ್ಲ. ಹಸುಗಳನ್ನು ಬಿಟ್ಟು ನಾನೂ ಅಲ್ಲಿಗೆ ಬರಲಾಗಲಿಲ್ಲ. ಭಾವನವರು ನಿಮಗೆ ಎಷ್ಟು ಹೇಳಿರುತ್ತಾರೋ, ಸಣ್ಣ ಪೆಟ್ಟು ಅಂತ ಮುಗಿಸಿರುತ್ತಾರೋ. ನಾನು ಕಂಡದ್ದನ್ನು ಬರೆಯುತ್ತೇನೆ.

ನಿಮ್ಮ ಸ್ಪೀಡ್ ಪೋಸ್ಟು ನನಗೆ ಸಿಕ್ಕಿದ್ದು ಸೋಮವಾರ. ಹಿಂದಿನ ದಿನವೇ ನಮ್ಮನೆಯವರು ಪೂರ್ವದ ಕಡೆ ಮಣ್ಣು ಇಳಿಸಿ ಆಗಿತ್ತು. ಆಮೇಲೆ ಮಳೆ ಹಿಡಿಯಿತು.

ಬುಧವಾರ ಮಧ್ಯಾಹ್ನ ಮಳೆಯಲ್ಲೇ ಒಬ್ಬರು ಹಿತ್ತಲ ಕಡೆಯಿಂದ ಬಂದರು. ತಲೆಗೆ ಗೋಣಿಚೀಲ, ಕೈಯಲ್ಲೊಂದು ಬ್ಯಾಗು. ಸೀದಾ ಕೊಟ್ಟಿಗೆ ಬಾಗಿಲಿಗೆ ಹೋದರು. ಚಲಪತಿಯ ಆಳು ಅಂದುಕೊಂಡು ಮಾವ ಮಚ್ಚು ಹಿಡಿದು ಅಡ್ಡ ನಿಂತರು.

"ಕಂಬಕ್ಕೆ ಕೈ ಇಕ್ಕಿದ್ರೆ ಕೈ ಇರಾಕಿಲ್ಲ" ಅಂದರು.

"ಕಂಬ ಬ್ಯಾಡ ಯಜಮಾನ್ರೇ. ತೊಲೆ ನೋಡಾಕೆ ಬಂದೆ."

"ಯಾವೂರು?"

"ಮಾರಿಕುಪ್ಪಂ ಕಡೆ."

ಮಾವ ಅವರ ಮುಖವನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮಚ್ಚನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದರು. ಹೆಸರು ಕೇಳಲಿಲ್ಲ. ಅವರೂ ಹೇಳಲಿಲ್ಲ. ಒಳಗೆ ಹೋದವರು ನನ್ನನ್ನು ನೋಡಿ, ಗೋದಲಿ ಎದುರಿನ ಜಾಗ ಇದೇನಾ ತಂಗಿ ಅಂದರು. ಅದನ್ನು ನಾನು ಬರೆದದ್ದು ನಿಮಗೊಬ್ಬರಿಗೆ. ಯಾರು ಅಂತ ಆಗ ಗೊತ್ತಾಯಿತು.

ಪಕ್ಕದ ತೋಪಿನ ಅಶ್ವತ್ಥಪ್ಪನವರನ್ನು ಕೇಳಿ ಸರ್ವೆ ಮರ ಕಡಿಸಿ ತಂದರು. ಎರಡು ದಿನ ಊರೆ ಕೊಟ್ಟರು. ಒಂದೊಂದನ್ನೂ ನಿಲ್ಲಿಸಿ, ಬೆಣೆ ಹೊಡೆದು, ತೊಲೆಗೆ ಕಿವಿ ಇಟ್ಟು ಕೇಳುತ್ತಿದ್ದರು. ಮಾವ ಹೇಳಿಸಿಕೊಳ್ಳದೆ ಇನ್ನೊಂದು ತುದಿ ಹಿಡಿಯುತ್ತಿದ್ದರು. ನಾನು ಮನೆಯ ತಟ್ಟೆಯಲ್ಲೇ ಇಬ್ಬರಿಗೂ ಮುದ್ದೆ, ಹುರುಳಿ ಸಾರು ಬಡಿಸಿದೆ. ಮಾವ ಅವರ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಊಟಕ್ಕೆ ಕೈ ಹಾಕಿದರು. ಅವರಿಬ್ಬರೂ ಆಡಿದ ಮಾತೆಲ್ಲ ಮರದ ಮೇಲೆ, ಮಣ್ಣಿನ ಮೇಲೆ. ಈ ತೊಲೆ ಯಾವ ಮರ ಅಂತ ಭಾವ ಕೇಳಿದರೆ, ಮಾವ ಕಮರ ಅನ್ನುವುದು, ಅದನ್ನು ಎಲ್ಲಿಂದ ತಂದರು, ಎಷ್ಟು ಜೊತೆ ಎತ್ತು ಎಳೆದವು ಅನ್ನುವುದು. ನನಗೆ ಕೇಳುತ್ತಾ ನಿಲ್ಲಬೇಕು ಅನಿಸುತ್ತಿತ್ತು.

ನಮ್ಮನೆಯವರು ಸಂಜೆ ಬಂದು ಯಾರು ಇವರು ಅಂದರು. ಮಾಳಿಗೆ ನೋಡಲು ಬಂದವರು ಅಂದೆ. ಅವರು ಹತ್ತಿರ ಹೋಗಲಿಲ್ಲ. ಗುರುತು ಹಿಡಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಶುಕ್ರವಾರ ಸಂಜೆ ಹಾಲು ಕರೆಯುವ ಹೊತ್ತು. ಪಶ್ಚಿಮದ ಕಡೆ ಮಣ್ಣು ನೀರು ಕುಡಿದು ಕೂತಿತ್ತು. ಒಳಗೆ ಮಾವ, ಭಾವ, ನಾನು. ನಮ್ಮನೆಯವರು ಆಗಷ್ಟೇ ರೈಲಿಳಿದು ಬಂದು ಬಾಗಿಲಲ್ಲಿ ನಿಂತಿದ್ದರು. ತೊಲೆ ಒಂದು ಸಲ ನರಳಿತು. ಭಾವ ಕೈ ಎತ್ತಿ, "ಹಸು ಬಿಡಿ, ಎಲ್ಲಾರೂ ಆಚೆಗೆ" ಅಂದರು. ಕೂಗಲಿಲ್ಲ ಅಕ್ಕ. ಮೆಲ್ಲಗೆ ಹೇಳಿದರು, ಅದಕ್ಕೇ ನನಗೆ ಕೈಕಾಲು ಆಡಿತು. ಹಗ್ಗ ಬಿಚ್ಚುತ್ತಾ ಬಂದೆ. ಮಾವ ಕಂಬಕ್ಕೆ ಕೈ ಹಾಕಿಕೊಂಡು ನಿಂತೇಬಿಟ್ಟರು. ಭಾವ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ ಹೊರಗೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ನಮ್ಮನೆಯವರು ಒಳಗೆ ನುಗ್ಗಿದ್ದರು. ಆ ತುದಿಯಲ್ಲಿ ಇನ್ನೂ ಗಬ್ಬವಾಗದ ಪಡ್ಡೆ ಹಸು ಕಟ್ಟಿತ್ತು, ಹಗ್ಗ ಬಿಗಿದುಕೊಂಡು ಬಿಚ್ಚಲಾಗುತ್ತಿಲ್ಲ. ಊರೆಗಳು ಒಂದೊಂದೇ ಬಾಗುವುದು ಹೊರಗಿನಿಂದಲೇ ಕಾಣುತ್ತಿತ್ತು. ಭಾವ ಮತ್ತೆ ಒಳಗೆ ಹೋದರು. ಮಾವ ಅವರ ಅಂಗಿ ಹಿಡಿದರು, ಅಂಗಿ ಹರಿಯಿತು, ಅವರು ನಿಲ್ಲಲಿಲ್ಲ.

ನಮ್ಮನೆಯವರು ಹೊರಗೆ ಬಂದು ಬಿದ್ದರು, ಯಾರೋ ತಳ್ಳಿದ ಹಾಗೆ. ಆಮೇಲೆ ಮಾಳಿಗೆ ಬಂತು. ಸದ್ದು ಅಷ್ಟೇನೂ ಇರಲಿಲ್ಲ, ಒದ್ದೆ ಮಣ್ಣಲ್ಲವೇ. ಗೋಡೆ ಕಡೆಯ ಎರಡು ಊರೆ ಬೀಳದೆ ನಿಂತಿದ್ದವು, ಅವುಗಳ ಸಂದಿಯಲ್ಲಿ ಭಾವ ಸಿಕ್ಕಿದರು. ತೊಲೆಯ ತುದಿ ಹೆಗಲಿಗೆ ಬಡಿದಿತ್ತು. ಪಡ್ಡೆ ಉಳಿಯಲಿಲ್ಲ. ಮಾವ ಬರಿಗೈಯಲ್ಲಿ ಮಣ್ಣು ತೋಡಿದ್ದು ನೋಡಿದೆ. ಉಗುರು ಕಿತ್ತು ಬಂದಿದ್ದವು.

ಹಾಲಿನ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಮುಚ್ಚಿಟ್ಟು ಆದದ್ದು ಸಾಕು. ಅಲ್ಲಿನವರು ಇವರು ನಿಮಗೇನಾಗಬೇಕು ಅಂತ ಕೇಳಿದರು. ನಮ್ಮನೆಯವರು "ಕೆಲಸದೋರು" ಅಂದರು. ಮಾವ ಪಕ್ಕದಲ್ಲೇ ಬೆಂಚಿನ ಮೇಲಿದ್ದರು. ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಈಗ ಪಶ್ಚಿಮದ ಅರ್ಧ ಬಿದ್ದಿದೆ, ಪೂರ್ವದ ಅರ್ಧ ಊರೆಯ ಮೇಲೆ ನಿಂತಿದೆ. ನಮ್ಮನೆಯವರು ಕೆಲಸಕ್ಕೆ ಹೋಗುತ್ತಿಲ್ಲ. ಚಲಪತಿಗೆ ಫೋನ್ ಮಾಡಿ ಈ ಕಡೆ ಬರಬೇಡ ಅಂದರು. ಫೋನು ನನಗೆ ವಾಪಸು ಕೊಟ್ಟರು. ಮಂಗಳವಾರ ಮಾವ ಡೈರಿಗೆ ಅಂತ ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬಂದರು. ಎಲ್ಲಿಗೆ ಅಂತ ಕೇಳಿದರೆ ಹೇಳಲಿಲ್ಲ. ಮಂಚ ಒಳಗೆ ತರಿಸಿ ಮಲಗಿದರು.

ಇಂದ್ರಾಣಿ


ಹಟ್ಟಿ
3 ನವೆಂಬರ್ 2024

ಇಂದ್ರಾಣಿ,

ನಿನ್ನ ಕಾಗದವನ್ನು ಹಬ್ಬದ ದಿನ ಓದಿದೆ. ಮೊದಲು ಬಂದದ್ದು ಸಿಟ್ಟು. ಹದಿನೇಳು ವರ್ಷ ನನ್ನ ಗಂಡ ಆ ಮನೆಗೆ ಯಾರೂ ಅಲ್ಲದವರಾಗಿದ್ದರು, ಈಗ ಕೆಲಸದವರಾದರು, ಅದೂ ಒಂದು ಬಡ್ತಿಯೇ ಅಂತ ಅವರಿಗೆ ಹೇಳಿದೆ. ಅವರು, ಕೆಲಸ ಮಾಡಿದ್ದೆನಲ್ಲ, ಸುಳ್ಳೇನು ಹೇಳಿದ ಅಂದರು. ಹೆಗಲ ಮೂಳೆ ಕೂಡಲು ಇನ್ನೂ ಕಾಲ ಬೇಕು. ಎಡಗೈಯಲ್ಲಿ ಊಟ ಮಾಡಲು ಕಲಿತಿದ್ದಾರೆ.

ಮುನೀಂದ್ರ ಗುರುತು ಹಿಡಿದಿದ್ದ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತಿದ್ದ, ನಾನು ಬಂದಾಗ ನನ್ನ ಕಣ್ಣು ನೋಡಲಿಲ್ಲ. ಗೊತ್ತಿಲ್ಲದವನು ಯಾಕೆ ತಲೆ ತಗ್ಗಿಸುತ್ತಾನೆ? ನಾನೂ ಮಾತಾಡಿಸಲಿಲ್ಲ. ಅದು ಹಾಗೇ ಇರಲಿ. ಅವನನ್ನು ಕ್ಷಮಿಸಲು ನನಗೆ ಆತುರವಿಲ್ಲ. ಪಡ್ಡೆಗೋಸ್ಕರ ಒಳಗೆ ಓಡಿದನಲ್ಲ, ಅಷ್ಟು ಮಾತ್ರ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಮಂಗಳವಾರ ಅಪ್ಪ ಎಲ್ಲಿಗೆ ಹೋಗಿದ್ದರು ಅಂತ ಹೇಳುತ್ತೇನೆ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾವು ಬೆಂಗಳೂರಿನ ಗಾಡಿಗೆ ಕಾಯುತ್ತಿದ್ದೆವು. ಮೇಲ್ಸೇತುವೆಯಿಂದ ಒಬ್ಬ ಮುದುಕ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ನಮ್ಮನ್ನು ಆಸ್ಪತ್ರೆಯಲ್ಲಿ ಕೇಳಿಕೊಂಡು ಬಂದಿರಬೇಕು, ಹತ್ತಿರ ಬರುವ ತನಕ ಅಪ್ಪ ಅಂತ ನನಗೆ ಗೊತ್ತಾಗಲಿಲ್ಲ. ನನ್ನ ತಲೆಯಲ್ಲಿದ್ದ ಅಪ್ಪ ಮಣ್ಣಿನ ಪುಟ್ಟಿ ಹೊತ್ತು ಏಣಿ ಹತ್ತುವ ಅಪ್ಪ.

ಬೆಂಚಿನ ಮೇಲೆ ಕಾಂತರಾಜ್ ಅವರ ಆ ಪಕ್ಕ ಕೂತರು. ಈ ಪಕ್ಕ ನಾನು. ನನ್ನ ಕಡೆ ನೋಡಲಿಲ್ಲ. ಮೊದಲು ಹೆಗಲು ನೋಡಿದರು. ಆಮೇಲೆ, ಉಳಿದಿರೋ ಅರ್ಧ ನಿಲ್ತದಾ ಅಂತ ಕೇಳಿದರು.

ನಿಲ್ಲುತ್ತೆ, ಆದರೆ ಆ ಎರಡು ಕಂಬದ ಜಾಗಕ್ಕೆ ಕಲ್ಲೇ ಬರಬೇಕು, ಮರ ಸಾಲದು ಅಂತ ಇವರು ಹೇಳಿದರು. ಹೋದ ಕಂಬ ಓಯ್ತು, ಟೇಕಲ್‌ನಾಗೆ ಕಲ್ಲುಕುಟಿಗರ ತಾವ ಹೊಸದು ಹೊಡೆಸ್ತೀನಿ, ಗಿಣಿಯೇನೂ ಬ್ಯಾಡ ಅಂದರು ಅಪ್ಪ. ಬಿದ್ದ ಅರ್ಧಕ್ಕೆ ಏನು ಮಾಡುವುದು ಅಂತ ಮಾತು ಬಂತು. ಅಲ್ಲಿ ಶೀಟು ಹಾಕಿಕೊಳ್ಳಲಿ ಬಿಡಿ, ತಂಗಿಗೆ ಸೊಂಟ ನೋವಂತೆ, ಬೆಳಕಾದರೂ ಬರುತ್ತೆ ಅಂದರು ಇವರು. ಅಪ್ಪ, ಆಗ್ಲಿ ಅಂದರು. ಮಗ ಕೆಡವಲು ಹೊರಟಾಗ ಮಂಚ ಹೊತ್ತು ಕಾವಲು ಕೂತ ಮನುಷ್ಯ. ನಿನ್ನ ಶೆಡ್ಡು ಹೀಗೆ ರೈಲ್ವೆ ಬೆಂಚಿನ ಮೇಲೆ ತೀರ್ಮಾನವಾಯಿತು.

ಇಷ್ಟು ಹೊತ್ತೂ ನಾನು ಅಲ್ಲೇ ಇದ್ದೇನೆ. ನೀನು ಹೇಗಿದ್ದೀಯ, ಏನು ಮಾಡ್ತೀಯ, ಒಂದೂ ಇಲ್ಲ. ನನ್ನ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡಿರಾ ಅಂತ ಕೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು. ಆ ಕೈ ನೋಡಿದೆ, ಕೇಳಲಿಲ್ಲ.

ಗಾಡಿ ಬಂತು. ಇವರನ್ನು ಹತ್ತಿಸಲು ಅಪ್ಪ ಆ ಗಾಯದ ಕೈಯನ್ನೇ ಕೊಟ್ಟರು. ಕಿಟಕಿ ಹತ್ತಿರ ಬಂದು ನಿಂತು, "ಸಂಕ್ರಾಂತಿ ಕಳೆದ್ಮೇಲೆ ಮಣ್ಣಿನ ಕೆಲ್ಸ. ಕೈ ಸರಿಯಾದ್ರೆ ಬಾಪ್ಪ" ಅಂದರು, ಇವರಿಗೆ. ಗಾಡಿ ಹೊರಟಿತು. ಜೊತೆಗೆ ನಾಲ್ಕು ಹೆಜ್ಜೆ ಬಂದರು. ಆಗ ನನ್ನ ಕಡೆ ನೋಡಿ, "ಮಂಗಾ, ನೀನೂ ಬಾ" ಅಂದರು.

ಹದಿನೇಳು ವರ್ಷ ನಾನು ಕಾದದ್ದು ಆ ಮಾತಿಗೆ ಇಂದ್ರಾಣಿ. ಅದು ಬಂದಾಗ ನನ್ನ ಗಂಡನ ಬಾಲಂಗೋಚಿಯಾಗಿ, 'ನೀನೂ' ಆಗಿ ಬಂತು. ವೈಟ್‌ಫೀಲ್ಡ್ ದಾಟುವ ತನಕ ನಾನು ಕಿಟಕಿಯಾಚೆಗೇ ಮುಖ ಮಾಡಿ ಕೂತಿದ್ದೆ. ಇವರು ಪಕ್ಕದಲ್ಲಿ ಕೂತು ಒಂದೇ ಸಮನೆ ನಗುತ್ತಿದ್ದರು, ನಕ್ಕರೆ ಹೆಗಲು ನೋಯುತ್ತೆ, ಆದರೂ.

ಸಂಕ್ರಾಂತಿಗೆ ರಜೆ ಕೇಳಿದ್ದಾರೆ. ಬರುತ್ತೇವೆ. ಬಾಗಿಲಲ್ಲಿ ಅವರು ಮುಂದೆ ಇರುತ್ತಾರೆ, ನಾನು ಅವರ ಹಿಂದೆ.

ಮಂಗಮ್ಮ